ಯಾವತ್ತಿನಿಂದ ಹೀಗೆ?



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ದಂಪತಿಗಳು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದೆಂದು ಕೇಳಿಕೊಂಡಿದ್ದಾರೆ. ಮಕ್ಕಳ ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ಮೇಷ್ಟ್ರಿಗೂ ತಾಯಂದಿರಿಗೂ ತಿಳಿಯುವಂತಿರಬೇಕು ಎಂಬುದೊಂದೇ ಅವರ ಷರತ್ತು. ಆ ಷರತ್ತಿಗೆ ಒಪ್ಪುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಮಗುವಿಗೆ ಒಂದು ಸೋಂಕು ಬಂದು ಹೋಗುತ್ತದೆ. ಅದನ್ನು ಓಡಿಸಲೆಂದು ದೇಹ ತಯಾರಿಸಿಕೊಂಡ ಪ್ರತಿಕಾಯಗಳು ಸೋಂಕು ಹೋದ ಮೇಲೂ ಸುಮ್ಮನಾಗದೆ, ಆ ಮಗುವಿನ ಮೆದುಳಿನ ಮೇಲೆಯೇ ತಿರುಗಿ ಬೀಳುತ್ತವೆ. ಒಳಗೆ ಇಷ್ಟೆಲ್ಲ ನಡೆಯುತ್ತಿರುವಾಗ ಹೊರಗಿನವರಿಗೆ ಕಾಣುವುದು ಹಟ, ಪುಂಡಾಟ, ಅಳು, ಭಯ. ಅಂಥ ಮಕ್ಕಳ ಜೊತೆ ನಾವು ದೊಡ್ಡವರು ಹೇಗಿರಬೇಕು ಎಂಬುದೇ ಇವತ್ತಿನ ಮಾತು.

ನಾನು ತಾಲ್ಲೂಕು ಆಸ್ಪತ್ರೆಗೆ ಸೇರಿದ ಎರಡನೇ ವರ್ಷ ನಡೆದದ್ದನ್ನು ಮೊದಲು ಹೇಳಬೇಕು. ಒಂಬತ್ತು ವರ್ಷದ ಹುಡುಗಿಯನ್ನು ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. “ಇವಳಿಗೆ ನೀವೇ ಬುದ್ಧಿ ಹೇಳಿ ಡಾಕ್ಟ್ರಮ್ಮ. ಕೈಗೆ ಕೊಟ್ಟಿದ್ದೆಲ್ಲ ಬೀಳಿಸ್ತಾಳೆ. ಕೂತಲ್ಲಿ ಕೂರಲ್ಲ. ಒಂದು ಮಾತಂದ್ರೆ ಅಳ್ತಾಳೆ, ಆಮೇಲೆ ಸುಮ್ಮಸುಮ್ಮನೆ ನಗ್ತಾಳೆ. ಕೋಳಿ ಕೆದರಿದಂಗೆ ಬರೀತಾಳೆ ಅಂತ ಸ್ಕೂಲಲ್ಲಿ ಕೈ ಮೇಲೆ ಹೊಡೆದವ್ರೆ.” ಹುಡುಗಿಯ ಎಡಗೈ ಬೆರಳ ಗೆಣ್ಣುಗಳ ಮೇಲೆ ಬಾಸುಂಡೆ ಇತ್ತು. ಹೊರಗೆ ಅರವತ್ತು ಜನರ ಸಾಲು. ನಾನು ಎದೆಗೆ ಸ್ಟೆತೊಸ್ಕೋಪ್ ಕೂಡ ಇಡಲಿಲ್ಲ. ನಿಶ್ಶಕ್ತಿ ಎಂದು ಕ್ಯಾಲ್ಸಿಯಂ ಮಾತ್ರೆ, ಟಾನಿಕ್ಕು ಬರೆದು ಕಳಿಸಿದೆ. ಹದಿನಾಲ್ಕು ತಿಂಗಳ ನಂತರ ಅದೇ ಹುಡುಗಿ ಮಲಗಲಾರದೆ, ಗೋಡೆಗೆ ಒರಗಿ ಏದುಸಿರು ಬಿಡುತ್ತ ಬಂದಳು. ಹೃದಯದ ಮೈಟ್ರಲ್ ಕವಾಟ ಹಾಳಾಗಿತ್ತು. ಆ ರಾತ್ರಿ ತಾಯಿಯನ್ನು ಕೂರಿಸಿಕೊಂಡು ಕೇಳಿದೆ: ಮೊದಲ ಸಲ ಕೈ ಅದುರಿದ್ದು ಯಾವತ್ತಿನಿಂದ? ಅವಳು ತಡವರಿಸಲಿಲ್ಲ. “ಸಂಕ್ರಾಂತಿ ದಿನ, ಎಳ್ಳು ಬೀರೋಕೆ ಹೋದಾಗ ತಟ್ಟೆ ಬೀಳಿಸಿಕೊಂಡು ಬಂದ್ಲು. ಅವತ್ತಿಂದ.” ಅದಕ್ಕೆ ಮುಂಚೆ ಜ್ವರ, ಗಂಟಲು ನೋವು ಏನಾದರೂ? “ಗೌರಿ ಹಬ್ಬದಲ್ಲಿ ಬಂದಿತ್ತು. ನಾಲ್ಕು ದಿನ ಎಂಜಲು ನುಂಗೋಕೂ ಆಗ್ತಿರಲಿಲ್ಲ.”

ಗೌರಿ ಹಬ್ಬದಿಂದ ಸಂಕ್ರಾಂತಿಗೆ ಸುಮಾರು ನಾಲ್ಕು ತಿಂಗಳು. ಪೂರ್ತಿ ಉತ್ತರ ಆ ತಾಯಿಯ ಬಳಿ ಮೊದಲ ದಿನವೇ ಇತ್ತು. ನಾನು ಕೇಳಿರಲಿಲ್ಲ.

ಅದು ಸಿಡನ್‌ಹ್ಯಾಮ್ ಕೋರಿಯಾ. ಥಾಮಸ್ ಸಿಡನ್‌ಹ್ಯಾಮ್ ಎಂಬ ಇಂಗ್ಲೆಂಡಿನ ವೈದ್ಯ 1686ರಲ್ಲಿ ಇದನ್ನು ವಿವರಿಸಿದ. ಗ್ರೀಕ್ ಭಾಷೆಯಲ್ಲಿ ಕೋರಿಯಾ ಎಂದರೆ ಕುಣಿತ. ಯುರೋಪಿನ ಜನ ಇದನ್ನು ಸಂತ ವೈಟಸ್‌ನ ಕುಣಿತ ಎಂದು ಕರೆದು ಹರಕೆ ಹೊರುತ್ತಿದ್ದರು. ನಮ್ಮಲ್ಲಿ ಗಾಳಿ ಮೆಟ್ಟಿದೆ ಎಂದು ತಾಯತ ಕಟ್ಟಿಸುತ್ತಾರೆ. ತಾಯತ ಕಟ್ಟಿಸಿದವರನ್ನು ನಾನು ಯಾವತ್ತೂ ಬೈದಿಲ್ಲ. ನಿನ್ನೆಯವರೆಗೆ ನೆಟ್ಟಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಏನೋ ಹೊರಗಿನಿಂದ ಬಂದು ಸೇರಿಕೊಂಡಿದೆ ಎಂದು ಅವರು ಗುರುತಿಸಿದ್ದಾರಲ್ಲ, ಆ ಗುರುತಿಸುವಿಕೆ ಸರಿಯಾಗಿದೆ. ಅಂದು ಟಾನಿಕ್ಕು ಬರೆದ ನನಗಿಂತ ಅವರು ಚೆನ್ನಾಗಿ ನೋಡಿದ್ದರು.

ಒಳಗೆ ನಡೆಯುವುದು ಇಷ್ಟು. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಲ್ಲಿ ಕೂರುತ್ತದೆ. ಅದರ ಹೊರಮೈಯ ಕೆಲವು ಅಂಶಗಳು ನಮ್ಮದೇ ದೇಹದ ಕೆಲವು ಅಂಶಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾದ ಗುರುತು ಹಿಡಿದು ಹೊರಟ ಪ್ರತಿಕಾಯ, ಅದೇ ಮುಖಚಹರೆಯ ನಮ್ಮ ಜೀವಕೋಶವನ್ನು ಕಂಡು ಶತ್ರುವೆಂದು ಬಗೆಯುತ್ತದೆ. ಕೀಲಿಗೆ ಹೋದರೆ ಊತ, ಹೃದಯಕ್ಕೆ ಹೋದರೆ ಕವಾಟಕ್ಕೆ ಪೆಟ್ಟು. ಇದೇ ರುಮ್ಯಾಟಿಕ್ ಜ್ವರ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗಂಟುಗಳಿವೆ. ಬೇಕಾದ ಚಲನೆಯನ್ನು ಬಿಟ್ಟು ಬೇಡದ್ದನ್ನು ತಡೆಹಿಡಿಯುವ ಕೆಲಸ ಅವುಗಳದ್ದು. ಬೇಕಾದ ಯೋಚನೆಯನ್ನು ಬಿಟ್ಟು ಬೇಡದ್ದನ್ನು ತಡೆಯುವುದರಲ್ಲೂ ಅವುಗಳ ಪಾಲಿದೆ. ಪ್ರತಿಕಾಯ ಅಲ್ಲಿಗೆ ತಲುಪಿದರೆ ತಡೆ ಸಡಿಲವಾಗುತ್ತದೆ. ಕೈ ತಾನಾಗಿ ಎಗರುತ್ತದೆ. ಅಳು ತಾನಾಗಿ ಉಕ್ಕುತ್ತದೆ. ಬೇಡವೆಂದರೂ ಒಂದೇ ಯೋಚನೆ ಸುತ್ತಿ ಸುತ್ತಿ ಬರುತ್ತದೆ.

ರುಮ್ಯಾಟಿಕ್ ಜ್ವರದಲ್ಲಿ ಕೀಲಿನ ಊತ ಗಂಟಲು ನೋವಾದ ಎರಡು ಮೂರು ವಾರಕ್ಕೆ ಬರುತ್ತದೆ. ಕೋರಿಯಾ ಹಾಗಲ್ಲ, ಒಂದರಿಂದ ಆರು ತಿಂಗಳು ತಡೆದು ಬರುತ್ತದೆ. ಅಷ್ಟು ಹೊತ್ತಿಗೆ ಗಂಟಲ ನೋವನ್ನು ಮನೆಯವರು ಮರೆತಿರುತ್ತಾರೆ. ಹಿಂದಿನ ಸೋಂಕಿನ ಗುರುತು ಹಿಡಿಯುವ ಎಎಸ್‌ಒ ರಕ್ತಪರೀಕ್ಷೆಯ ಅಂಕಿಯೂ ಎಷ್ಟೋ ಸಲ ಇಳಿದಿರುತ್ತದೆ. ಅದಕ್ಕೇ, 1944ರಲ್ಲಿ ಡಕೆಟ್ ಜೋನ್ಸ್ ಎಂಬ ವೈದ್ಯ ಹಾಕಿಕೊಟ್ಟು ಮುಂದೆ ತಿದ್ದುಪಡಿಗಳಾದ ರುಮ್ಯಾಟಿಕ್ ಜ್ವರದ ಮಾನದಂಡಗಳಲ್ಲಿ ಕೋರಿಯಾಕ್ಕೆ ವಿನಾಯಿತಿ ಇದೆ. ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ, ಹಿಂದಿನ ಸೋಂಕಿಗೆ ಪುರಾವೆ ಸಿಗದಿದ್ದರೂ ಕೋರಿಯಾ ಒಂದೇ ಸಾಕು. ಲ್ಯಾಬ್ ರಿಪೋರ್ಟ್ ನಾರ್ಮಲ್ ಇದೆ, ಮಗುವಿಗೆ ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅಷ್ಟಕ್ಕೇ ಸುಮ್ಮನಾಗಬೇಡಿ.

ಮುಂದಿನ ಸಾಲಿನಲ್ಲಿ ಶಾಲೆಯ ಮೇಡಂಗಳು ಕೂತಿದ್ದೀರಿ. ನಿಮಗೆ ಯಂತ್ರ ಬೇಕಿಲ್ಲ. ನಿಮ್ಮ ಎರಡು ಬೆರಳನ್ನು ಮಗುವಿನ ಅಂಗೈಗೆ ಕೊಟ್ಟು ಬಿಗಿಯಾಗಿ ಹಿಡಿದುಕೊಂಡಿರು ಎನ್ನಿ. ಕೋರಿಯಾ ಇದ್ದರೆ ಹಿಡಿತ ನಿಲ್ಲುವುದಿಲ್ಲ, ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. ಹಸುವಿನ ಕೆಚ್ಚಲಿಗೆ ಕೈ ಹಾಕಿದವರಿಗೆ ತಕ್ಷಣ ಗೊತ್ತಾಗುತ್ತದೆ, ವೈದ್ಯರೂ ಅದಕ್ಕೆ ಹಾಲು ಕರೆಯುವ ಹಿಡಿತವೆಂದೇ ಹೆಸರಿಟ್ಟಿದ್ದಾರೆ. ನಾಲಗೆ ಹೊರಗೆ ಚಾಚಿ ಹಾಗೇ ಇರು ಎಂದರೆ ನಾಲಗೆ ಹೊರಗೆ ನಿಲ್ಲದೆ ಒಳಗೆ ಓಡುತ್ತದೆ. ಎರಡೂ ಕೈ ತಲೆಯ ಮೇಲೆತ್ತಿಸಿದರೆ ಅಂಗೈಗಳು ತಾವಾಗಿ ಹೊರಕ್ಕೆ ತಿರುಗುತ್ತವೆ. ಮೂರು ತಿಂಗಳ ಹಿಂದಿನ ನೋಟ್‌ಬುಕ್ಕನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆಯವರಿಗೆ ಇನ್ನೊಂದು ಗುರುತಿದೆ: ಮಗು ಗಾಢ ನಿದ್ದೆಗೆ ಜಾರಿದಾಗ ಇದೆಲ್ಲ ನಿಂತುಹೋಗುತ್ತದೆ. “ನೋಡಿ, ಮಲಗಿದಾಗ ಸುಮ್ಮನಿರ್ತಾಳೆ, ಎದ್ದಾಗ ಬೇಕು ಅಂತಲೇ ಆಡ್ತಾಳೆ” ಎಂದು ಅದನ್ನೇ ತಪ್ಪೊಪ್ಪಿಗೆಯ ಹಾಗೆ ತಿಳಿದ ತಂದೆಯೊಬ್ಬರನ್ನು ನೋಡಿದ್ದೇನೆ. ನಿದ್ದೆಯಲ್ಲಿ ನಿಲ್ಲುವುದು ಈ ಕಾಯಿಲೆಯ ಲಕ್ಷಣ.

ಈಗ ಮನಸ್ಸಿನ ಕಡೆಗೆ ಬರುತ್ತೇನೆ. ಕೈ ಅದುರುವುದು ಕಣ್ಣಿಗೆ ಕಾಣುತ್ತದೆ, ಮಗು ಒಳಗೆ ಅನುಭವಿಸುವುದು ಕಾಣುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳ ವೈದ್ಯೆ ಸೂಸನ್ ಸ್ವೀಡೋ, ಕೋರಿಯಾ ಬಂದ ಮಕ್ಕಳ ಮನೆಯವರನ್ನು ಕೂರಿಸಿಕೊಂಡು ವಿಚಾರಿಸಿದರು. ಕೈಕಾಲು ಎಗರುವುದಕ್ಕೂ ಮೊದಲೇ ಹಲವು ಮಕ್ಕಳಲ್ಲಿ ಗೀಳು ಶುರುವಾಗಿತ್ತು. ಕೈ ತೊಳೆದದ್ದೇ ತೊಳೆಯುವುದು, ಬಾಗಿಲ ಚಿಲಕ ಮತ್ತೆ ಮತ್ತೆ ನೋಡುವುದು, ಅಮ್ಮನಿಗೆ ಏನೋ ಆಗಿಬಿಡುತ್ತದೆಂಬ ಭಯ. ಹಾಗಾದರೆ ಕೈಕಾಲು ಎಗರದೆ ಗೀಳು ಮಾತ್ರ ಬರುವ ಮಕ್ಕಳೂ ಇರಬಹುದಲ್ಲ? ಅದೇ ಪ್ರಶ್ನೆಯನ್ನು ಬೆನ್ನಟ್ಟಿದ ಸ್ವೀಡೋ ಮತ್ತು ಜೊತೆಗಾರರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಸ್ಟ್ರೆಪ್ಟೊಕಾಕಸ್ ಸೋಂಕಿನ ಹಿಂದೆಯೇ ಗೀಳು, ಇಲ್ಲವೆ ಕಣ್ಣು ಮಿಟುಕಿಸುವ, ಕತ್ತು ಎಗರಿಸುವ ಟಿಕ್‌ಗಳು ದಿಢೀರನೆ ಬಂದ ಮಕ್ಕಳು ಅವರು. ಇದಕ್ಕೆ ಪ್ಯಾಂಡಾಸ್ ಎಂದು ಹೆಸರಾಯಿತು. ಕಾರಣ ಸ್ಟ್ರೆಪ್ಟೊಕಾಕಸ್ಸೇ ಆಗಿರಬೇಕಿಲ್ಲ ಎಂಬ ತಿಳಿವಳಿಕೆಯೊಂದಿಗೆ 2012ರಲ್ಲಿ ಪ್ಯಾನ್ಸ್ ಎಂಬ ವಿಶಾಲವಾದ ಹೆಸರು ಬಂತು. ಅದರ ಲಕ್ಷಣಗಳು ನೋಡಿ: ರಾತ್ರಿ ಬೆಳಗಾಗುವುದರೊಳಗೆ ಗೀಳು ಅಥವಾ ಊಟ ಬಿಡುವುದು, ಜೊತೆಗೆ ವಿಪರೀತ ಆತಂಕ, ಸಿಟ್ಟು, ಎಂಟು ವರ್ಷದ ಮಗು ನಾಲ್ಕು ವರ್ಷದ ಮಗುವಿನಂತೆ ತೊದಲುವುದು, ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗುವುದು, ನಿದ್ದೆಗೆಡುವುದು, ಲೆಕ್ಕ ಬಾರದಂತಾಗುವುದು, ಅಕ್ಷರ ಕೆಡುವುದು.

ಗೀಳಿನ ವಿಷಯದಲ್ಲಿ ನಮ್ಮ ಮನೆಗಳದ್ದೇ ಆದ ಒಂದು ತೊಡಕಿದೆ. ಮಡಿ ಪಾಲಿಸುವ ಮನೆಯಲ್ಲಿ ಮಗು ಹತ್ತು ಸಲ ಕೈ ತೊಳೆದರೆ ಅಜ್ಜಿ ಸಂತೋಷಪಡುತ್ತಾರೆ. ಪಾತ್ರೆ ಮುಟ್ಟಿಸಿಕೊಳ್ಳುವುದಿಲ್ಲ, ಯಾರ ಎಂಜಲೂ ಸೋಕಬಾರದು, ಎಷ್ಟು ಶುದ್ಧ ಎಂದು ನೆಂಟರ ಮುಂದೆ ಹೊಗಳುತ್ತಾರೆ. ಬೆರಳ ಸಂದಿಯ ಚರ್ಮ ಬಿರಿದು ರಕ್ತ ಜಿನುಗುವವರೆಗೆ ಅದು ಕಾಯಿಲೆಯೆಂದು ಯಾರಿಗೂ ಹೊಳೆಯುವುದಿಲ್ಲ. ಮಡಿ ಮುಗಿದ ಮೇಲೆ ಮನಸ್ಸಿಗೆ ನೆಮ್ಮದಿ ಬರಬೇಕು. ಗೀಳು ಹಿಡಿದ ಮಗುವಿಗೆ ನಲ್ಲಿ ನಿಲ್ಲಿಸಿದ ಕ್ಷಣವೇ ಮತ್ತೆ ಭಯ ಶುರುವಾಗುತ್ತದೆ. ಆ ಮಗುವಿನ ಮುಖ ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ.

ಪ್ಯಾಂಡಾಸ್ ಬಗ್ಗೆ ವೈದ್ಯಲೋಕದಲ್ಲಿ ಕಾಲು ಶತಮಾನದಿಂದ ಜಗಳವಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಗಂಟಲು ನೋವು ಯಾವ ಮಗುವಿಗೆ ಬರುವುದಿಲ್ಲ? ಎಷ್ಟೋ ಆರೋಗ್ಯವಂತ ಮಕ್ಕಳ ಗಂಟಲಲ್ಲಿ ಸ್ಟ್ರೆಪ್ಟೊಕಾಕಸ್ ತೆಪ್ಪಗೆ ಕೂತಿರುತ್ತದೆ. ಟಿಕ್ಕುಗಳು ತಾವಾಗಿ ಏರುತ್ತವೆ, ತಾವಾಗಿ ಇಳಿಯುತ್ತವೆ. ಎರಡೂ ಒಟ್ಟಿಗೆ ಬಂದರೆ ಒಂದಕ್ಕೆ ಇನ್ನೊಂದು ಕಾರಣವೆಂದು ಹೇಳುವುದು ಹೇಗೆ ಎಂಬುದು ಒಪ್ಪದವರ ವಾದ, ಅದರಲ್ಲಿ ತೂಕವಿದೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಪ್ರತಿಕಾಯಗಳ ಸಾರವನ್ನೇ ರಕ್ತನಾಳಕ್ಕೆ ಹರಿಸುವ ಐವಿಐಜಿ ಚಿಕಿತ್ಸೆಯಿಂದ ಮಕ್ಕಳು ಚೇತರಿಸಿಕೊಂಡರೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. 2016ರಲ್ಲಿ 35 ಮಕ್ಕಳ ಮೇಲೆ ಇನ್ನೂ ಬಿಗಿಯಾದ ಕ್ರಮದಲ್ಲಿ ನಡೆಸಿದ ಪ್ರಯೋಗದಲ್ಲಿ, ಔಷಧ ಪಡೆದವರಿಗೂ ಔಷಧವಿಲ್ಲದ ದ್ರಾವಣ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಗ್ರಾಂ ಲೆಕ್ಕದಲ್ಲಿ ಮಾರುವ ದುಬಾರಿ ಔಷಧ. ಗೀಳಿನ ಮಗುವಿಗೆ ಇದೇ ಮದ್ದೆಂದು ಯಾರೋ ಹೇಳಿದ್ದನ್ನು ನಂಬಿ ಒಡವೆ ಅಡವಿಡಲು ಹೊರಟವರು ನನ್ನ ಬಳಿ ಬಂದಿದ್ದರೆ, ಮೊದಲು ಮಕ್ಕಳ ನರರೋಗ ತಜ್ಞರನ್ನೂ ಮಕ್ಕಳ ಮನೋವೈದ್ಯರನ್ನೂ ಕಾಣಿ ಎಂದೇ ಹೇಳಿ ಕಳಿಸಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ವಿಭಾಗ ಒಂದೇ ಆವರಣದಲ್ಲಿವೆ, ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಹಠಾತ್ ಬದಲಾವಣೆಯ ಹಿಂದೆ ಮೆದುಳಿನ ಉರಿಯೂತದಂಥ ಬೇರೆ ಗಂಭೀರ ಕಾಯಿಲೆಯೂ ಇರಬಹುದು. ಫಿಟ್ಸ್ ಬಂದರೆ, ಮಾತು ನಿಂತರೆ, ಪ್ರಜ್ಞೆ ಮಂಕಾದರೆ ಒಂದು ದಿನವೂ ಕಾಯಬಾರದು.

ನನ್ನ ನಿಲುವು ಇಷ್ಟೇ. ಕಾರಣದ ಬಗ್ಗೆ ವೈದ್ಯರು ಚರ್ಚಿಸುತ್ತಿರಲಿ. ಗೀಳಿಗೆ ಚಿಕಿತ್ಸೆ ಇದೆ, ಅದು ಕಾರಣ ಯಾವುದಿದ್ದರೂ ಕೆಲಸ ಮಾಡುತ್ತದೆ. ಕೈ ತೊಳೆಯಬೇಕೆಂಬ ಒತ್ತಡ ಬಂದಾಗ ಐದು ನಿಮಿಷ ತಡೆಯುವುದು, ಆಮೇಲೆ ಹತ್ತು ನಿಮಿಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯವನ್ನು ಎದುರಿಸಲು ಕಲಿಸುವ ಮನೋಚಿಕಿತ್ಸೆ ಅದು, ಬೇಕಾದರೆ ಜೊತೆಗೆ ಮಾತ್ರೆ. ಬೆಂಗಳೂರಿಗೆ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ತಾಯಂದಿರು ಹೆಚ್ಚಾಗಿ ಒಂದು ಬಲೆಗೆ ಬೀಳುತ್ತಾರೆ. “ಅಮ್ಮ, ನಂಗೇನೂ ಆಗಲ್ಲ ಅಲ್ವಾ?” ಎಂದು ಮಗು ಕೇಳುತ್ತದೆ. ಇಲ್ಲ ಕಂದ ಎನ್ನುತ್ತಾರೆ. ಎರಡು ನಿಮಿಷಕ್ಕೆ ಅದೇ ಪ್ರಶ್ನೆ. ಸಂಜೆಯೊಳಗೆ ನೂರು ಸಲ. ಕೊನೆಗೆ ಸಿಟ್ಟು ಬಂದು ಒಂದೇಟು, ಆಮೇಲೆ ತಬ್ಬಿಕೊಂಡು ಇಬ್ಬರೂ ಅಳುವುದು. ಪ್ರತಿ ಸಲ ಕೊಟ್ಟ ಸಮಾಧಾನ ಗೀಳಿಗೆ ಹಾಕಿದ ಗೊಬ್ಬರ. ಹಾಗೆಂದು ಒಮ್ಮೆಲೇ ಉತ್ತರ ನಿಲ್ಲಿಸಿದರೆ ಮಗು ಕಂಗಾಲಾಗುತ್ತದೆ. “ಇದು ನೀನು ಕೇಳ್ತಿರೋದಲ್ಲ, ನಿನ್ನ ಕಾಯಿಲೆ ಕೇಳಿಸ್ತಿದೆ. ಒಂದು ಸಲ ಹೇಳಿದೀನಿ. ಈಗ ಬಾ, ಹೂ ಕಟ್ಟೋಣ” ಎನ್ನಲು ಒಬ್ಬ ತಾಯಿ ಕಲಿತರು. ಮಗುವನ್ನೂ ಕಾಯಿಲೆಯನ್ನೂ ಬೇರೆ ಮಾಡಿದ ಆ ಒಂದು ವಾಕ್ಯ ನಾನು ಬರೆದುಕೊಟ್ಟ ಚೀಟಿಗಳಿಗಿಂತ ಹೆಚ್ಚು ಕೆಲಸ ಮಾಡಿತು. ಅಜ್ಜಿ, ಅಪ್ಪ, ಅಣ್ಣ ಎಲ್ಲರೂ ಅದೇ ವಾಕ್ಯ ಹೇಳಬೇಕು, ಒಬ್ಬರು ಹೇಳಿ ಇನ್ನೊಬ್ಬರು ಮುದ್ದಿಗೆ ಬಿಟ್ಟರೆ ನಡೆಯುವುದಿಲ್ಲ.

ಕೋರಿಯಾ ಮಗುವಿಗೆ ಬೇಕಾದದ್ದು ಬಹಳ ಸಣ್ಣ ಸಣ್ಣ ವಿಷಯಗಳು. ಲೋಟಕ್ಕೆ ಅರ್ಧ ಮಾತ್ರ ಹಾಲು ಹಾಕಿ. ಒಲೆ, ಬಿಸಿ ಸಾರು, ಈಳಿಗೆಮಣೆಯಿಂದ ದೂರವಿಡಿ. ಮಂಚ ಬೇಡ, ಚಾಪೆ ಹಾಸಿ. ಶಾಲೆಯಲ್ಲಿ ನೋಟ್ಸು ಬರೆಸುವ ಬದಲು ಜೆರಾಕ್ಸ್ ಕೊಡಿ, ಪರೀಕ್ಷೆಯಲ್ಲಿ ಬಾಯಲ್ಲಿ ಕೇಳಿ. ಮೂತ್ರಕ್ಕೆ ಹೋಗುತ್ತೇನೆಂದರೆ ಕಳಿಸಿ, ಬಾಗಿಲ ಹತ್ತಿರ ಕೂರಿಸಿ. ಇನ್ನುಳಿದ ಮಕ್ಕಳು ಅಣಕಿಸದಂತೆ ನೋಡಿಕೊಳ್ಳಿ. ಇದಕ್ಕೆಲ್ಲ ಸುತ್ತೋಲೆ ಬರಬೇಕಿಲ್ಲ. ಹೊಡೆಯಬಾರದು ಎಂಬುದಕ್ಕೆ ಮಾತ್ರ ಕಾನೂನೇ ಇದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆ ಬಾಸುಂಡೆ ನನ್ನ ಕಣ್ಣ ಮುಂದೆ ಇನ್ನೂ ಇದೆ. ಕಾಯಿಲೆಯ ಕೈಗೆ ಬಿದ್ದ ಏಟು ಅದು.

ಕೈ ಅದುರುವುದು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ನಿಲ್ಲುತ್ತದೆ. ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿ ನಿರಾಳವಾಗುತ್ತಾರೆ. ನನಗೆ ಭಯ ಶುರುವಾಗುವುದೇ ಆಗ. ಕೋರಿಯಾ ಬಂದ ಮಗುವಿಗೆ ಇನ್ನೊಮ್ಮೆ ಸ್ಟ್ರೆಪ್ಟೊಕಾಕಸ್ ಸೋಂಕಾದರೆ ರುಮ್ಯಾಟಿಕ್ ಜ್ವರ ಮರುಕಳಿಸಿ ಹೃದಯಕ್ಕೆ ಹೊಡೆತ ಬೀಳಬಹುದು. ಅದನ್ನು ತಡೆಯಲು 21 ದಿನಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಸೂಜಿ. ಹೃದಯಕ್ಕೆ ಪೆಟ್ಟಾಗಿರದಿದ್ದರೂ ಕನಿಷ್ಠ 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಹೆಚ್ಚೋ ಅಷ್ಟು ಕಾಲ. ಪೆಟ್ಟಾಗಿದ್ದರೆ ಇನ್ನೂ ದೀರ್ಘ ಕಾಲ. ಅಂದು ಟಾನಿಕ್ಕು ಬರೆದ ಬದಲು ನಾನು ಆ ಹುಡುಗಿಗೆ ಈ ಸೂಜಿ ಶುರುಮಾಡಬೇಕಿತ್ತು.

ಗಟ್ಟಿ ಔಷಧ ಅದು, ಸೊಂಟಕ್ಕೆ ಚುಚ್ಚಿದರೆ ಎರಡು ದಿನ ನೋವು. ಮಕ್ಕಳು ಅವತ್ತಿನ ದಿನ ಹಾಸಿಗೆಯಿಂದ ಏಳುವುದಿಲ್ಲ. ಅಲರ್ಜಿಯ ಹೆದರಿಕೆಯಿಂದ ಎಷ್ಟೋ ಕಡೆ ಹಾಕಲು ಒಪ್ಪುವುದಿಲ್ಲ, ಒಪ್ಪುವ ಕಡೆ ಕೆಲವೊಮ್ಮೆ ಔಷಧ ಇರುವುದಿಲ್ಲ. ಚೆನ್ನಾಗಿ ಓಡಾಡುವ ಮಗುವಿಗೆ ವರ್ಷಕ್ಕೆ ಹದಿನೇಳು ಸಲ ಯಾಕೆ ನೋವು ಕೊಡಬೇಕು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಸೂಜಿಯ ದಿನಕ್ಕೆ ಕೆಂಪು ಸುತ್ತು ಹಾಕಿ ಎನ್ನುತ್ತಿದ್ದೆ. ಹಾಗೆ ಮಾಡಿದ ಮನೆಯವರು ತಪ್ಪಿಸಿದ್ದು ಕಡಿಮೆ. ಆಶಾ ಕಾರ್ಯಕರ್ತೆಯರು ಈ ಮಕ್ಕಳ ದಿನಾಂಕಗಳನ್ನೂ ಬಾಣಂತಿಯರ ಪಟ್ಟಿಯ ಜೊತೆ ಇಟ್ಟುಕೊಂಡರೆ ದೊಡ್ಡ ಉಪಕಾರ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಶಾಲೆಗೆ ತಪಾಸಣೆಗೆ ಬಂದಾಗ, ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ ಎಂಬುದು ನೆನಪಿರಲಿ. ಅನುಮಾನವಿರುವ ಮಗುವನ್ನು ಅವತ್ತು ಮುಂದೆ ನಿಲ್ಲಿಸಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಕೋರಿಯಾ ಹೆಣ್ಣುಮಕ್ಕಳಲ್ಲಿ ಹೆಚ್ಚು. ಮುಂದೆ ಮದುವೆ ಆಗುವುದಿಲ್ಲವೆಂದು ಹೆದರಿ ತಂದೆತಾಯಿ ಸೂಜಿಯ ದಿನಾಂಕ ಬರೆದ ಕಾರ್ಡನ್ನೇ ಹರಿದು ಹಾಕುತ್ತಾರೆ. ಬಸುರಿಯಾದಾಗ ಈ ಕೋರಿಯಾ ಮರುಕಳಿಸುವುದುಂಟು, ಗರ್ಭನಿರೋಧಕ ಮಾತ್ರೆ ನುಂಗಿದಾಗಲೂ ಉಂಟು. ಕವಾಟಕ್ಕೆ ಪೆಟ್ಟಾಗಿದ್ದರೆ ಹೆರಿಗೆ ಹೃದಯಕ್ಕೆ ದೊಡ್ಡ ಭಾರ. ಹೆರಿಗೆ ಡಾಕ್ಟರಿಗೆ ಹಳೆಯ ಕಥೆ ಗೊತ್ತಿದ್ದರೆ ಮೊದಲೇ ಎಚ್ಚರ ವಹಿಸಬಹುದು. ಮುಚ್ಚಿಟ್ಟರೆ ಅಪಾಯ ಪೂರ್ತಿ ಅವಳ ಪಾಲಿಗೆ. ಸಂಬಂಧ ಕುದುರಿಸುವಾಗ ಏನು ಹೇಳಬೇಕೆಂಬುದು ಮನೆಯವರಿಗೆ ಬಿಟ್ಟದ್ದು, ಆದರೆ ಹುಡುಗಿಗೇ ತನ್ನ ಕಾಯಿಲೆಯ ಹೆಸರು ಗೊತ್ತಿಲ್ಲದಂತೆ ಬೆಳೆಸಬೇಡಿ.

ಇನ್ನು ಗಂಟಲು ನೋವು. ಹೆಚ್ಚಿನವು ವೈರಸ್‌ನಿಂದ ಬರುತ್ತವೆ, ಆ್ಯಂಟಿಬಯೋಟಿಕ್ ಬೇಕಿಲ್ಲ. ಕೆಮ್ಮು ನೆಗಡಿ ಇಲ್ಲದೆ ಜ್ವರ, ನುಂಗಲಾರದ ನೋವು, ಕತ್ತಿನಲ್ಲಿ ನೋಯುವ ಗಡ್ಡೆ ಇದ್ದರೆ ಡಾಕ್ಟರಿಗೆ ತೋರಿಸಿ. ಸ್ಟ್ರೆಪ್ಟೊಕಾಕಸ್ ಎಂದು ಹತ್ತು ದಿನಕ್ಕೆ ಮಾತ್ರೆ ಬರೆದರೆ ಹತ್ತೂ ದಿನ ಕೊಡಿ. ಮೂರನೇ ದಿನ ಜ್ವರ ಬಿಟ್ಟಿತೆಂದು ಉಳಿದದ್ದನ್ನು ತಮ್ಮನಿಗೆ ಎತ್ತಿಡಬೇಡಿ.

ನಾನು ಮಾತಾಡುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. ಓದುತ್ತೇನೆ: “ನನ್ನ ಮಗಳಿಗೆ ಎಂಟು ವರ್ಷ ಇದ್ದಾಗ ಕೋರಿಯಾ ಆಗಿತ್ತು. ಈಗ ಹದಿಮೂರು. ಐದು ವರ್ಷದಿಂದ ಸೂಜಿ ಹಾಕಿಸುತ್ತಿದ್ದೇವೆ. ಚೆನ್ನಾಗಿ ಓದುತ್ತಾಳೆ, ಖೋಖೋ ಆಡುತ್ತಾಳೆ. ನಿಲ್ಲಿಸಬಹುದೆ?” ಇಲ್ಲ ಅಮ್ಮ. ಐದು ವರ್ಷ ಆಯಿತು, ನಿಜ, ಆದರೆ ಅವಳಿಗೆ ಹದಿನೆಂಟು ತುಂಬಿಲ್ಲ. ಹೃದಯದ ಎಕೋ ಸ್ಕ್ಯಾನ್ ಯಾವಾಗ ಆಗಿತ್ತೆಂದು ನೀವು ಬರೆದಿಲ್ಲ. ಹೊರಡುವ ಮುಂಚೆ ಒಂದು ನಿಮಿಷ ನನ್ನ ಹತ್ತಿರ ಬನ್ನಿ, ಕಾರ್ಡು ಜೊತೆಗಿದ್ದರೆ ತನ್ನಿ. ಕಳೆದ ಸೂಜಿ ಯಾವತ್ತು ಆಯಿತು ಎಂದು ನೋಡಬೇಕು.